ಹಸಿ ಬಾಣಂತಿಯ ಅರ್ಧ ಲೋಟ

ಬಾಣಂತಿ ಖಾರ ಕುಟ್ಟುವಾಗ ಬಾಗಿಲು ತೆರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಸೀನಿ ಸೀನಿ ಕುಟ್ಟುವವಳೇ ಮಲಗಬೇಕಾಗುತ್ತದೆ. ಹಿರಿಯ ಮಗಳ ಎರಡು ಬಾಣಂತನಕ್ಕೂ ಸೊಸೆಯ ಒಂದಕ್ಕೂ ನಾನೇ ಕುಟ್ಟಿದವಳು. ಕಿರಿಯವಳು ರೂಪಾಳ ಪಾಲಿನದನ್ನು ಮಾತ್ರ ಮೂರು ಚೀಲ ಸುತ್ತಿ, ಸೀರೆಗಳ ನಡುವೆ ಹುದುಗಿಸಿ, ವಿಮಾನ ಹತ್ತಿಸಬೇಕಾಯಿತು.

ಅಳಿಯ ಗುಲಾಬಿ ತೋಟದ ಮೇಸ್ತ್ರಿ. ನಮ್ಮ ಕಡೆಯ ಪಾಲಿಹೌಸುಗಳಲ್ಲಿ ಕಲಿತ ಕೆಲಸಕ್ಕೆ ಇಥಿಯೋಪಿಯಾದಲ್ಲಿ ಬೇಡಿಕೆ ಇದೆಯಂತೆ, ಹೆಂಡತಿಯನ್ನೂ ಕರೆದುಕೊಂಡು ಹೋದ. ಚೊಚ್ಚಲ ಬಸುರಿ ತವರಿಗೆ ಬರಬೇಕು, ಆದರೆ ಬಿ.ಪಿ. ಏರಿದೆ, ವಿಮಾನ ಬೇಡ ಎಂದರು ಅಲ್ಲಿಯ ಡಾಕ್ಟರು. ಹೀಗಾಗಿ ತವರೇ ಗಂಟು ಕಟ್ಟಿಕೊಂಡು ಹೊರಟಿತು. ದೇವನಹಳ್ಳಿಯಿಂದ ಏಳುವ ವಿಮಾನಗಳು ಸೂಲಿಬೆಲೆಯ ನಮ್ಮ ರಾಗಿ ಹೊಲದ ಮೇಲೆ ಹೊಟ್ಟೆ ತೋರಿಸಿಕೊಂಡು ಹೋಗುವುದನ್ನು ವರ್ಷಗಟ್ಟಲೆ ನೋಡಿದ್ದೆ; ಒಳಗೆ ಕೂತರೆ ಕಾಲು ನೋಯುತ್ತದೆ, ಅಷ್ಟೇ.

ಗಂಡು ಮಗು ಹುಟ್ಟಿತು. ಬಾಣಂತನದಲ್ಲಿ ನನ್ನ ಮಾತಿಗೆ ಎದುರಿಲ್ಲ. ಕಿವಿಗೆ ಹತ್ತಿ, ಹೊಟ್ಟೆಗೆ ಬಿಗಿಯಾಗಿ ಬಟ್ಟೆ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಇಡೀ ದಿನಕ್ಕೆ ಜೀರಿಗೆ ಹಾಕಿ ಕಾಯಿಸಿದ ನೀರು ಅರ್ಧ ಲೋಟ. ಹಸಿ ಬಾಣಂತಿ ನೀರು ಕುಡಿದರೆ ನಂಜಾಗುತ್ತದೆ, ಹೊಟ್ಟೆ ಜೋಲುತ್ತದೆ, ಮಗುವಿಗೆ ಶೀತವಾಗುತ್ತದೆ. ಇದನ್ನು ನನಗೆ ನನ್ನ ಅತ್ತೆ ಹೇಳಿದ್ದರು, ಅವರಿಗೆ ಅವರ ಅತ್ತೆ. ನಿಮ್ಮ ಮನೆಯಲ್ಲೂ ಯಾರೋ ಹೇಳಿಯೇ ಇರುತ್ತಾರೆ.

ಎಂಟನೆಯ ದಿನ ರೂಪಾಳ ಮೈ ಕಾವೇರಿತು. ಮಗು ಹಿಂದಿನ ಸಂಜೆಯಿಂದ ಬಟ್ಟೆ ಒದ್ದೆ ಮಾಡಿರಲಿಲ್ಲ. ಅಳುವುದನ್ನೂ ಬಿಟ್ಟು ಸುಮ್ಮನೆ ಬಿದ್ದಿತ್ತು. ಅಳುವ ಮಗುವಿಗೆ ನಾನು ಹೆದರುವವಳಲ್ಲ. ಅಳದ ಮಗುವಿಗೆ ಹೆದರಿದೆ. ಅಳಿಯ ತೋಟದಲ್ಲಿದ್ದ, ಫೋನು ಎತ್ತಲಿಲ್ಲ. ಮೂರನೆಯ ಬೀದಿಯಲ್ಲಿ ಒಂದು ಕ್ಲಿನಿಕ್ ಇತ್ತು, ಹಸಿರು ಬಣ್ಣದ ಎರಡು ಕೋಣೆಯದು. ಮಗುವನ್ನು ನಾನು ಎತ್ತಿಕೊಂಡೆ, ರೂಪಾ ನನ್ನ ಭುಜ ಹಿಡಿದು ನಡೆದಳು. ಸಂತೆಗೆ ಸಾಲುವಷ್ಟು ಅಲ್ಲಿಯ ಮಾತು ಕಲಿತಿದ್ದಳು. ಆ ದಿನ ಅವಳ ನಾಲಿಗೆಯೇ ಏಳಲಿಲ್ಲ.

ಅಲ್ಲಿದ್ದವಳು ಒಬ್ಬ ನರ್ಸು, ನನ್ನ ಹಿರಿಯ ಮಗಳ ವಯಸ್ಸಿನವಳು. ನಾನು ಕನ್ನಡದಲ್ಲಿ ಎಲ್ಲವನ್ನೂ ಹೇಳಿದೆ. ಅವಳು ಅವಳ ಭಾಷೆಯಲ್ಲಿ ಎಲ್ಲವನ್ನೂ ಕೇಳಿದಳು. ಆಮೇಲೆ ಇಬ್ಬರೂ ಬಾಯಿ ಮುಚ್ಚಿದೆವು.

ಅವಳು ಮಗುವನ್ನು ಮಂಚದ ಮೇಲೆ ಮಲಗಿಸಿ, ನೆತ್ತಿಯ ಮೇಲೆ ಬೆರಳಾಡಿಸಿ, ನನ್ನ ಬೆರಳನ್ನೂ ಹಿಡಿದು ಅಲ್ಲಿಗೆ ಇಟ್ಟಳು. ಗುಳಿ ಬಿದ್ದಿತ್ತು. ನೆತ್ತಿಗೆ ಹರಳೆಣ್ಣೆ ಒತ್ತುತ್ತಿದ್ದವಳು ನಾನೇ, ಗುಳಿಯನ್ನು ಕಂಡಿರಲಿಲ್ಲ. ಆಮೇಲೆ ರೂಪಾಳ ಮುಂಗೈ ಚರ್ಮವನ್ನು ಚಿವುಟಿ ಬಿಟ್ಟಳು. ಮಡಿಕೆ ಹಾಗೇ ನಿಂತಿತು. ತನ್ನದನ್ನು ಚಿವುಟಿ ಬಿಟ್ಟಳು, ಸರಕ್ಕನೆ ಕೂತಿತು. ನನಗೂ ಪಾಠವಾಗಲೆಂದು ನನ್ನದನ್ನೂ ಚಿವುಟಿದಳು. ಅದೂ ನಿಂತಿತು.

"ನಂದು ಮುದಿ ಚರ್ಮ ಕಣಮ್ಮ, ನೀರು ಕುಡುದ್ರೂ ನಿಂತ್ಕೊಳ್ಳುತ್ತೆ" ಎಂದೆ. ಏನು ತಿಳಿಯಿತೋ, ಅವಳು ನಕ್ಕಳು.

ನಕ್ಕವಳೇ ದೊಡ್ಡ ಲೋಟದ ತುಂಬ ನೀರು ತಂದು ರೂಪಾಳ ಕೈಗಿಟ್ಟಳು. ನಾನು ಕಿತ್ತು ಮೇಜಿನ ಮೇಲಿಟ್ಟೆ.

"ಹಸೀ ಬಾಣಂತಿ ಕಣಮ್ಮ. ನಂಜಾದ್ರೆ ನೀನ್ ಬಂದು ನೋಡ್ಕೊಳ್ತೀಯಾ?"

ಅವಳು "ವುಹಾ, ವುಹಾ" ಎನ್ನುತ್ತ ಮತ್ತೆ ಕೊಟ್ಟಳು. ಅವರ ಮಾತಿನಲ್ಲಿ ನೀರೆಂದರೆ ವುಹಾ. ನಾನು ಮತ್ತೆ ಕಿತ್ತುಕೊಂಡೆ. ಮೂರನೆಯ ಸಲ ಅವಳು ನನ್ನ ಎರಡು ಭುಜ ಹಿಡಿದು, ಬೈಯದೆ, ಸ್ಟೂಲಿನ ಮೇಲೆ ಕೂರಿಸಿ, ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಕೈ ತುಂಬಿಹೋಯಿತು, ಇನ್ನು ಕಿತ್ತುಕೊಳ್ಳುವುದು ಯಾವುದರಲ್ಲಿ?

ನಮ್ಮೂರ ಆಸ್ಪತ್ರೆಯ ಡಾಕ್ಟರಮ್ಮನೂ ಹಿರಿಯವಳ ಬಾಣಂತನದಲ್ಲಿ ಇದನ್ನೇ ಹೇಳಿದ್ದಳು. "ನಿಂಗಿನ್ನೂ ಮದ್ವೇನೇ ಆಗಿಲ್ವಲ್ಲ ತಾಯಿ" ಎಂದು ಒಂದೇ ಮಾತಿಗೆ ಅವಳನ್ನು ಸುಮ್ಮನಾಗಿಸಿ, ಮನೆಗೆ ಬಂದು ನನ್ನದೇ ನಡೆಸಿದ್ದೆ. ಮಾತು ಬಲ್ಲ ಕಡೆ ನಾನು ಯಾವತ್ತೂ ಸೋತವಳಲ್ಲ. ಬಹುಶಃ ಅದಕ್ಕೇ ಯಾವತ್ತೂ ಕಲಿತವಳೂ ಅಲ್ಲ. ಇಲ್ಲಿ ಗೆಲ್ಲುವುದಕ್ಕೆ ಮಾತೇ ಇರಲಿಲ್ಲ, ನೋಡುವುದೊಂದೇ ಉಳಿದಿತ್ತು. ನೋಡಿದೆ. ನನ್ನ ಮಗಳು ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಉಸಿರು ತೆಗೆಯದೆ, ಬಿಸಿಲಿನಿಂದ ಬಂದ ಹಸುವಿನ ಹಾಗೆ ಕುಡಿಯುತ್ತಿದ್ದಳು. ಮೂರು ಲೋಟ ಕುಡಿದಳು. ಎಂಟು ದಿನದ ಬಾಯಾರಿಕೆ ನನ್ನ ಕಣ್ಣೆದುರಿಗೇ ಓಡಾಡಿಕೊಂಡಿತ್ತು, ನಾನು ಸಾರು ಬಡಿಸುತ್ತಿದ್ದೆ.

ರೂಪಾಳ ಕೈಗೆ ಗ್ಲೂಕೋಸ್ ಏರಿಸಿದಳು. ಎದೆಹಾಲು ಬತ್ತಿದ್ದರಿಂದ ಮಗುವಿಗೆ ಪುಡಿ ಹಾಲನ್ನು ಚಮಚದಲ್ಲಿ ಹನಿ ಹನಿ ಬಿಟ್ಟಳು. ಮಧ್ಯಾಹ್ನ ಕಳೆಯಿತು. ನಾನು ಗಳಿಗೆಗೊಮ್ಮೆ ಬಟ್ಟೆ ಮುಟ್ಟಿ ನೋಡುತ್ತಿದ್ದೆ, ಒಣಗಿಯೇ ಇತ್ತು. ಬಿಸಿಲು ಬಾಗುವ ಹೊತ್ತಿಗೆ ತೊಡೆ ಬೆಚ್ಚಗಾಯಿತು. ಸೀರೆ ನೆನೆದಿತ್ತು. ನಾನು ಅಲ್ಲಾಡಲಿಲ್ಲ, ಪೂರ್ತಿಯಾಗಲಿ ಎಂದು ಕೂತೆ. ನರ್ಸು ಬಂದು ನೋಡಿ ನನ್ನ ಕೆನ್ನೆ ತಟ್ಟಿ ಹೋದಳು.

ನನ್ನ ಬಾಣಂತನದಲ್ಲಿ ಅತ್ತೆ ಕೊಟ್ಟಿಗೆಗೆ ಹೋದೊಡನೆ ಬಚ್ಚಲಿಗೆ ನುಗ್ಗಿ, ಹಂಡೆಯ ನೀರನ್ನು ಬೊಗಸೆಯಲ್ಲಿ ಕದ್ದು ಕುಡಿಯುತ್ತಿದ್ದವಳು ನಾನು. ಮೂರು ಮಕ್ಕಳಿಗೂ ಹಾಗೇ ಕುಡಿದೆ. ನಂಜೂ ಆಗಲಿಲ್ಲ, ಏನೂ ಆಗಲಿಲ್ಲ. ಆದರೂ ಆ ಕಟ್ಟಳೆಯನ್ನು ಮಾತ್ರ ಮುಂದೆ ದಾಟಿಸಿದೆ, ಕಳ್ಳತನವನ್ನು ದಾಟಿಸಲಿಲ್ಲ. ಮನೆಗೆ ಬಂದ ಮೇಲೆ ರೂಪಾಳಿಗೆ ಇದನ್ನು ಹೇಳಿಬಿಟ್ಟೆ.

"ನೀನೂ ಕದ್ದು ಕುಡಿಯೋದಲ್ವೇನೆ? ಅಡುಗೆಮನೆ ಏನು ಹೊಸಕೋಟೇಲಿ ಇತ್ತಾ?"

ಅವಳು ಮಗುವನ್ನು ಎದೆಗೆ ಸರಿಪಡಿಸಿಕೊಂಡಳು. ಕೋಪವೇನೂ ಇರಲಿಲ್ಲ.

"ನೀನು ಬ್ಯಾಡ ಅಂದಿದ್ಯಲ್ಲಮ್ಮ. ಅಷ್ಟು ದೂರದಿಂದ ಬಂದೋಳು, ಗೊತ್ತಿಲ್ದೆ ಹೇಳಿರಲ್ಲ ಅಂದ್ಕೊಂಡೆ."

ಅಚ್ಚ ಕನ್ನಡದಲ್ಲೇ ಹೇಳಿದಳು. ನಾನು ಎದ್ದು ದೊಡ್ಡ ಲೋಟದ ತುಂಬ ನೀರು ತಂದು ಅವಳ ಕೈಗಿಟ್ಟೆ.