ಇಪ್ಪತ್ತು ನಿಮಿಷ ಹಿಂದಿದ್ದ ಸರ್ವರ್

ಗ್ರಂಥಾಲಯದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಅಲ್ಲಿ ಎಲ್ಲರೂ ಸೈಟಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ನಲವತ್ತಾರು, ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಕಡಿಮೆ. ಓದುಗರು ಯಾವ ದೂರು ತಂದರೂ ಅವಳ ಮೊದಲ ಮಾತು ಒಂದೇ: "ನನ್ನ ಕಂಪ್ಯೂಟರಲ್ಲಿ ಸರಿಯಾಗೇ ಇದೆಯಲ್ಲ." ಅದನ್ನು ಹೇಳಿ ಮುಗಿಸಿದ ಮೇಲೆಯೇ ಅವಳು ಕುರ್ಚಿ ಎಳೆದುಕೊಂಡು ಕೂರುವುದು. ಒಮ್ಮೆ ಕೂತಳೆಂದರೆ ಮಾತ್ರ ಜಪ್ಪಯ್ಯ ಅಂದರೂ ಏಳುವವಳಲ್ಲ.

ಮನೆಯಲ್ಲಿ ಅವಳನ್ನು ಸಾಕಿ ಓದಿಸಿದ ಅಣ್ಣ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ. ಎಡಗೈ, ಎಡಗಾಲು ಎರಡೂ ಬಿದ್ದುಹೋಗಿದ್ದವು. ನರ್ಸಮ್ಮ ಬರುವುದು ಒಂಬತ್ತು ಗಂಟೆಗೆ. ಅವಳು ಬಾರದೆ ಸೈಟಕ್ಕ ಹೊಸಿಲು ದಾಟುವಂತಿಲ್ಲ. ಆಮೇಲೆ ಎಷ್ಟು ಓಡಿ ಬಸ್ಸು ಹಿಡಿದರೂ ಕಚೇರಿ ಮುಟ್ಟುವಾಗ ಹಾಜರಿಯ ಹೊತ್ತು, ಒಂಬತ್ತೂವರೆ, ದಾಟಿರುತ್ತಿತ್ತು. ಬಾಗಿಲಲ್ಲಿ ಹಾಜರಿ ಯಂತ್ರ. ಬೆರಳಿಟ್ಟರೆ ಹೊತ್ತಿಗೆ ಬಂದವರಿಗೆ ಹಸಿರು ದೀಪ, ತಡವಾದವರಿಗೆ ಕೆಂಪು. ಕೆಂಪು ದೀಪದ ಲೆಕ್ಕದಲ್ಲಿ ಅವಳಿಗೆ ಆಗಲೇ ಎರಡು ಎಚ್ಚರಿಕೆ ಪತ್ರ ಬಂದಿದ್ದವು. ಇನ್ನೊಂದು ಕೆಂಪು ಬಿದ್ದರೆ ಕೆಲಸಕ್ಕೇ ಸಂಚಕಾರ. ಅಣ್ಣನ ವಿಷಯ ಹೇಳಿ ಮುಖ್ಯಸ್ಥರ ಹತ್ತಿರ ಅರ್ಧ ಗಂಟೆಯ ರಿಯಾಯಿತಿ ಕೇಳಿಕೊಳ್ಳಬಹುದಿತ್ತು. ಆದರೆ ಕೇಳಿಕೊಳ್ಳುವುದೆಂದರೆ ಅವಳಿಗೆ ಮೈಯೆಲ್ಲ ಮುಳ್ಳು. ಕಚೇರಿಯಲ್ಲಿ ಯಾರ ಮುಂದೆಯೂ ಅವಳು ಬಾಯಿ ಬಿಟ್ಟಿರಲಿಲ್ಲ.

ಹೀಗಿರುವಾಗ ಮೂರು ವಾರದಿಂದ ದಿನವೂ ಹಸಿರು ದೀಪ. ಅದರ ಕೀರ್ತಿಯನ್ನೆಲ್ಲ ಸೈಟಕ್ಕ ತಾನೇ ತೆಗೆದುಕೊಂಡಳು. ಒಂದು ಸ್ಟಾಪು ಮೊದಲೇ ಇಳಿದು ಸಂದಿಯೊಳಗೆ ನುಗ್ಗಿ ಬರುವ ಒಳದಾರಿಯೊಂದನ್ನು ಅವಳು ಕಂಡುಹಿಡಿದಿದ್ದಳು. "ತಲೆ ಓಡಿಸಿದ್ರೆ ದಾರಿ ತಾನಾಗೇ ಹತ್ತಿರವಾಗುತ್ತೆ" ಎಂದು ಸಹೋದ್ಯೋಗಿಗಳ ಮುಂದೆ ಜಂಭ ಕೊಚ್ಚಿಕೊಂಡಳು. ಹರಿದ ಪುಸ್ತಕಗಳನ್ನು ಹೊಲಿಯುವ ಮುದಿ ಬೈಂಡರ್, "ಹೌದಾ ಅಕ್ಕ, ಅಷ್ಟು ಹತ್ತಿರವಾ?" ಎಂದ. ಉಳಿದವರು ತಲೆ ತಗ್ಗಿಸಿಕೊಂಡು ಕೆಲಸ ನೋಡಿಕೊಂಡರು.

ಅದೇ ಮೂರು ವಾರದಿಂದ ವೆಬ್‌ಸೈಟಿಗೂ ಗ್ರಹಚಾರ ವಕ್ಕರಿಸಿತ್ತು. ಓದುಗರು ಮನೆಯಿಂದ ಲಾಗಿನ್ ಆಗಿ ಒಂದು ಪುಸ್ತಕ ಒತ್ತಿದರೆ ಸಾಕು, "ದಯವಿಟ್ಟು ಲಾಗಿನ್ ಆಗಿ" ಎಂದು ಮತ್ತೆ ಬಾಗಿಲಿಗೇ ತಳ್ಳುತ್ತಿತ್ತು. ಬೇರೆ ಕಟ್ಟಡದಲ್ಲಿ ಕೂರುವ ಮುಖ್ಯಸ್ಥರು ಆ ದಿನ ಬೆಳಿಗ್ಗೆ ಫೋನ್ ಮಾಡಿದರು. "ಓದುಗರು ಮುಖಕ್ಕೆ ಉಗೀತಿದ್ದಾರೆ ಕಣಮ್ಮ. ಸಂಜೆಯೊಳಗೆ ಸರಿಹೋಗದಿದ್ರೆ ಹೊರಗಿನವರಿಗೆ ಕೊಟ್ಟುಬಿಡ್ತೀನಿ."

ಲಾಗಿನ್ ಆದವರಿಗೆ ಸರ್ವರ್ ಒಂದು ಕುಕಿ ಕೊಡುತ್ತದೆ. ಅದೊಂದು ಗೇಟ್ ಪಾಸು. ಇವರು ನಮ್ಮವರು, ಇಂತಿಷ್ಟು ಗಂಟೆಯವರೆಗೆ ಒಳಗೆ ಬಿಡಿ ಎಂದು ಬರೆದ ಚೀಟಿ. ಬ್ರೌಸರ್ ಅದನ್ನು ಇಟ್ಟುಕೊಂಡು ಪ್ರತಿ ಪುಟಕ್ಕೂ ತೋರಿಸಬೇಕು. ಇಲ್ಲಿ ಚೀಟಿ ಕೊಟ್ಟಿದ್ದು ನಿಜ, ತೋರಿಸುತ್ತಿಲ್ಲ ಎನ್ನುವುದೂ ನಿಜ. ಸೈಟಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದಳು. ಚೀಟಿಯ ಮೇಲೆ ಸೈಟಿನ ವಿಳಾಸ ಸರಿಯಿತ್ತು. ಕುಕಿ ಕೊಡುವ ಕೋಡಿನಲ್ಲಿ ತಪ್ಪೇನಾದರೂ ಇದೆಯೇ ಎಂದು ಸಾಲು ಸಾಲಾಗಿ ನೋಡಿದಳು, ಅದೂ ಇಲ್ಲ. ಕಚೇರಿಯ ಯಾವ ಕಂಪ್ಯೂಟರಿನಲ್ಲಿ ನೋಡಿದರೂ ಎಲ್ಲ ಸುಸೂತ್ರ.

ಕೊನೆಗೆ ಬೇಸತ್ತು, ನರ್ಸಮ್ಮನ ಕರೆಗೆಂದೇ ಚೀಲದಲ್ಲಿ ಬಿದ್ದಿರುತ್ತಿದ್ದ ತನ್ನ ಫೋನ್ ತೆಗೆದು ಅದರಲ್ಲಿ ಲಾಗಿನ್ ಆದಳು. ಹೊರಗೆ ತಳ್ಳಿತು. ಸರ್ವರ್ ಕಳಿಸಿದ ಚೀಟಿ ಬಿಚ್ಚಿ ನೋಡಿದಳು: ಹನ್ನೊಂದೂ ಐದರವರೆಗೆ ಮಾತ್ರ. ಫೋನಿನಲ್ಲಿ ಆಗ ಹನ್ನೊಂದೂ ಹತ್ತು. ಹದಿನೈದು ನಿಮಿಷ ಬದುಕಬೇಕಾದ ಕುಕಿ ಐದು ನಿಮಿಷ ಮೊದಲೇ ಸತ್ತು ಬಂದಿತ್ತು. ಕಂಪ್ಯೂಟರಿನ ಮೂಲೆಯಲ್ಲಿ ನೋಡಿದರೆ ಹತ್ತೂ ಐವತ್ತು. ಸರ್ವರ್ ಇಪ್ಪತ್ತು ನಿಮಿಷ ಹಿಂದಿತ್ತು, ಕಚೇರಿಯ ಕಂಪ್ಯೂಟರುಗಳೂ ಹಾಜರಿ ಯಂತ್ರವೂ ಸಮಯಕ್ಕೆ ಅದರ ಮುಖವನ್ನೇ ನೋಡುತ್ತಿದ್ದವು. ಮೂರು ವಾರದ ಹಸಿರು ದೀಪ ಈ ಇಪ್ಪತ್ತು ನಿಮಿಷದ್ದು. ಒಳದಾರಿ, ತಲೆ ಓಡಿಸಿದ್ದು, ಎಲ್ಲವೂ ಅಲ್ಲಿಗೆ ಮುಗಿಯಿತು.

ಗಡಿಯಾರ ತಿರುಗಿಸಿದವರು ಯಾರೆಂದು ಸರ್ವರಿನ ದಾಖಲೆ ಮುಚ್ಚಿಡಲಿಲ್ಲ. ಹಾಜರಿ ಗುಮಾಸ್ತ, ಅವಳಿಗೆ ಎರಡೂ ಪತ್ರ ಕೊಟ್ಟ ಅದೇ ಮುಖ ಸಿಂಡರಿಸುವ ಮನುಷ್ಯ. ಯಂತ್ರ ಕೆಟ್ಟಿದೆ ಎಂದು ಅವಳಿಂದಲೇ ತನ್ನ ಹೆಸರಿಗೊಂದು ಪಾಸ್‌ವರ್ಡ್ ಮಾಡಿಸಿಕೊಂಡಿದ್ದ. ಅವಳು ಹೋಗಿ ಅವನ ಮೇಜಿನ ಮುಂದೆ ನಿಂತಳು.

"ಗಡಿಯಾರ ಹಿಂದಿಟ್ಟಿದ್ದು ನೀವೇನಾ?"

"ನನಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲಮ್ಮ."

"ನಿಮ್ಮ ಹೆಸರಲ್ಲೇ ಇದೆ."

"ಹಾಗಾದ್ರೆ ನಾನೇ ಇರಬೇಕು." ಗುಮಾಸ್ತ ತಲೆ ಎತ್ತಲಿಲ್ಲ. "ಎರಡು ಪತ್ರ ಬರೆದೆ. ಮೂರನೇದಕ್ಕೆ ಕೈ ಬರಲಿಲ್ಲ. ನಿಮ್ಮ ನರ್ಸಮ್ಮ ಇರೋದು ನಮ್ಮ ಬೀದೀಲೇ, ಅಣ್ಣನ ವಿಷಯ ಹೇಳಿದ್ಲು."

"ಬೇರೆಯವರಿಗೆ ಗೊತ್ತಾ?"

"ಎಲ್ಲರ ಜೇಬಲ್ಲೂ ಫೋನಿದೆ ತಾಯಿ. ಗೊತ್ತಿಲ್ಲದೆ ಇದ್ದವರು ನೀವೊಬ್ಬರೇ."

ಸೈಟಕ್ಕ ತನ್ನ ಜಾಗಕ್ಕೆ ಬಂದು ಕೂತಳು. "ರೋಗ ಬಿಟ್ಟು ಜ್ವರಕ್ಕೆ ಮಾತ್ರೆ ಕೊಡೋರು ಪ್ರೋಗ್ರಾಮರುಗಳೇ ಅಲ್ಲ" ಎಂದು ವರ್ಷಾನುಗಟ್ಟಲೆ ಉಪದೇಶ ಮಾಡಿದವಳು, ಈಗ ಗಡಿಯಾರ ಮುಟ್ಟದೆ ಜ್ವರಕ್ಕೆ ಮಾತ್ರೆ ಕೊಟ್ಟಳು. ಇಷ್ಟು ಗಂಟೆಗೆ ಸಾಯಿ ಎನ್ನುವ ಬದಲು, ಕೈಗೆ ಸಿಕ್ಕಾಗಿನಿಂದ ಹದಿನೈದು ನಿಮಿಷ ಬದುಕು ಎಂದು ಕುಕಿಯ ಮೇಲೆ ಬರೆಸಿದಳು. ಒಂದೇ ಸಾಲು. ಸರ್ವರಿನ ಗಡಿಯಾರ ಏನೇ ಹೇಳಿಕೊಳ್ಳಲಿ, ಸೈಟು ಓಡಿತು. ಏನಾಗಿತ್ತೆಂದು ಮುಖ್ಯಸ್ಥರು ಕೇಳಿದಾಗ "ಸಣ್ಣದು ಸಾರ್, ಟೈಮಿಂದು" ಎಂದಳು. ಅವರು ಶಹಭಾಸ್ ಎಂದು ಫೋನಿಟ್ಟರು.

ಆದರೆ ಮಧ್ಯಾಹ್ನವೆಲ್ಲ ಅವಳಿಗೆ ಇನ್ನೊಂದು ಲೆಕ್ಕ ಕೊರೆಯಿತು. ಓದುಗರಿಗೆ ಬಾಗಿಲು ತೆರೆಯುವುದು ಊರಿನ ಗಡಿಯಾರದಲ್ಲಿ, ಹಾಗಾಗಿ ಉಳಿದ ಐವರೂ ಬೆಳಿಗ್ಗೆ ಎಂದಿನ ಹೊತ್ತಿಗೇ ಬರುತ್ತಾರೆ. ಸಂಜೆ ಬಿಡುವುದು ಮಾತ್ರ ಯಂತ್ರದ ಗಡಿಯಾರದಲ್ಲಿ. ಮೂರು ವಾರದಿಂದ ಐದು ಜನ ದಿನಕ್ಕೆ ಇಪ್ಪತ್ತು ನಿಮಿಷ ಅವಳಿಗಾಗಿ ಸುಮ್ಮನೆ ಕೂತಿದ್ದಾರೆ. ಬೈಂಡರಿಗೆ ಮಂಡಿ ನೋವು. ಪುಸ್ತಕದ ಪಟ್ಟಿ ಬರೆಯುವ ಹುಡುಗಿಗೆ ಮನೆಯಲ್ಲಿ ಎದೆಹಾಲಿನ ಕೂಸು. ಸೈಟಕ್ಕನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು.

ಫೋನಿನಲ್ಲಿ ಐದೂವರೆ ಆದಾಗ ಅವಳು ಎದ್ದು ನಿಂತಳು. "ಟೈಮಾಯ್ತು, ಎಲ್ಲರೂ ಮನೆಗೆ ಹೊರಡಿ. ಗಡಿಯಾರ ಈಗಲೇ ಸರಿಮಾಡ್ತೀನಿ. ನಾಳೆ ನನಗೆ ಕೆಂಪು ಬಿದ್ರೆ ಬೀಳಲಿ."

ಯಾರೂ ಅಲುಗಾಡಲಿಲ್ಲ. ಬೈಂಡರ್ ಸೂಜಿಗೆ ದಾರ ಪೋಣಿಸುತ್ತಿದ್ದ. ಪಟ್ಟಿಯ ಹುಡುಗಿ ಬೆರಳಚ್ಚು ನಿಲ್ಲಿಸದೆಯೇ ಹೇಳಿದಳು: "ಈ ಕಚೇರಿ ಬಿಡೋದೇ ಐದೂ ಐವತ್ತಕ್ಕೆ ಅಂತ ಅತ್ತೆಗೆ ಹೇಳಿಬಿಟ್ಟಿದ್ದೀನಿ ಅಕ್ಕ. ಈಗ ಬೇಗ ಹೋದ್ರೆ ಇಷ್ಟು ದಿನ ಎಲ್ಲಿ ಸುತ್ತುತ್ತಿದ್ದೆ ಅಂತ ಕೇಳ್ತಾರೆ. ನನ್ನ ಮನೇಲಿ ಜಗಳ ಹಚ್ಚಬೇಡಿ. ಸುಮ್ನೆ ಕೂತ್ಕೊಳ್ಳಿ."

ಸೈಟಕ್ಕ ಕೀಬೋರ್ಡಿನಿಂದ ಕೈ ತೆಗೆದು ಕೂತಳು. ಕೇಳದೆ ಸಿಕ್ಕಿದ್ದನ್ನು ವಾಪಸ್ಸು ಕೊಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಅಳು ಬಂತು, ಅತ್ತುಬಿಟ್ಟಳು. ಐವರೂ ಅತ್ತ ತಿರುಗಿ ನೋಡದೆ, ಇಲ್ಲದ ಕೆಲಸವನ್ನು ಮಾಡುತ್ತ ಕೂತರು.