ಚಲುವಮ್ಮನ ಮನೆ ಪಾಠ

ಒಂದಕ್ಷರವೂ ಬಾರದ ಹೆಂಗಸೊಬ್ಬಳು ತನ್ನ ಇಬ್ಬರು ಮಕ್ಕಳನ್ನು ನಮ್ಮ ಶಾಲೆಯಿಂದ ಬಿಡಿಸಿ ಒಂದೂವರೆ ವರ್ಷ ಮನೆಯಲ್ಲೇ ಓದಿಸಿದಳು. ನಾನು ಆ ಶಾಲೆಯ ಎರಡನೇ ಮೇಷ್ಟ್ರು. ಇದ್ದದ್ದೇ ಇಬ್ಬರು. ಕೊಡಗು ಇನ್ನೂ ತನ್ನ ಪಾಡಿಗೆ ತಾನೊಂದು ರಾಜ್ಯವಾಗಿದ್ದ ಕಾಲ. ಶಾಲೆಗಳ ಇನ್‌ಸ್ಪೆಕ್ಟರು ಮಡಿಕೇರಿಯಲ್ಲಿ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ನಮ್ಮ ಬಾಗಿಲಿಗೆ ಬರಬಹುದಿತ್ತು. ಬರುತ್ತಿರಲಿಲ್ಲ. ಹಾಗಾಗಿ ನಮ್ಮ ಹೆಡ್‌ಮಾಸ್ತರು ನಿಶ್ಚಿಂತೆಯಿಂದ ಮಕ್ಕಳ ಕೈಲಿ ತಮ್ಮ ಮನೆಗೆ ನೀರು ಹೊರಿಸುತ್ತಿದ್ದರು, ಸೌದೆ ತರಿಸುತ್ತಿದ್ದರು. ನಾನು ನೋಡಿಯೂ ಸುಮ್ಮನಿದ್ದೆ. ಕೆಲಸಕ್ಕೆ ಹೊಸಬ, ಅದೂ ಅಲ್ಲದೆ ಊಟ ಅವರ ಮನೆಯಲ್ಲೇ.

ಆ ಹೆಂಗಸು ಚಲುವಮ್ಮ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತ ಒಕ್ಕಲು ಮನೆಯವಳು. ಗಂಡ ದೇವರಾಜು ಬೇಸಾಯದ ಜೊತೆಗೆ ಬಾಡಿಗೆ ಗಾಡಿ ಹೊಡೆಯುತ್ತಿದ್ದ. ಮಗಳು ಮುತ್ತಿಗೆ ಹತ್ತು ವರ್ಷ, ಮಗ ಜಯಪ್ಪನಿಗೆ ಒಂಬತ್ತು. ಇಬ್ಬರೂ ಮೂರನೇ ತರಗತಿಯಲ್ಲಿದ್ದರು. ಒಂದು ದಿನ ದೇವರಾಜು ಭತ್ತದ ಮೂಟೆ ಹೇರಿಕೊಂಡು ಬರುವಾಗ, ಪಾಠದ ಹೊತ್ತಿನಲ್ಲಿ ಮಗಳು ಹೆಡ್‌ಮಾಸ್ತರ ಮನೆಗೆ ಕೊಡ ಹೊತ್ತು ಹೋಗುತ್ತಿರುವುದನ್ನು ಕಂಡ. ಗಾಡಿಯನ್ನು ಶಾಲೆಯ ಮುಂದೆಯೇ ನಿಲ್ಲಿಸಿದ.

“ನೀರು ಹೊರೋದ ಕಲಿಯೋಕೆ ನಮ್ಮನೇಲೇ ಬಾವಿ ಐತೆ ಮೇಷ್ಟ್ರೇ,” ಎಂದ. ಕೂಗಾಡಲಿಲ್ಲ. ಮಕ್ಕಳಿಬ್ಬರನ್ನೂ ಮೂಟೆಗಳ ಮೇಲೆ ಕೂರಿಸಿಕೊಂಡು ಹೊರಟುಹೋದ.

ಗಂಡ ಹೆಂಡತಿ ಕೂತು ಮಾತಾಡಿದರು. ಆ ಶಾಲೆಗೆ ಇನ್ನು ಕಳಿಸುವುದಿಲ್ಲ ಎನ್ನುವುದು ತೀರ್ಮಾನವಾಗಿತ್ತು, ಓದು ನಿಲ್ಲಿಸಲು ಇಬ್ಬರಿಗೂ ಮನಸ್ಸಿರಲಿಲ್ಲ. ಕೊನೆಗೆ ಚಲುವಮ್ಮನೇ, “ಪುಸ್ತಕ ತಂದ್ಕೊಡು, ನಾನು ಓದುಸ್ತೀನಿ,” ಎಂದಳಂತೆ. ದೇವರಾಜು ಮರುಮಾತಾಡದೆ ಮೂರನೇ, ನಾಲ್ಕನೇ ತರಗತಿಯ ಪುಸ್ತಕ ತಂದುಕೊಟ್ಟ. ಊರು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನೇ ಇರಬೇಕು.

ಅವಳಿಗೆ ಓದು ಅಂದರೆ ಏನು ಎನ್ನುವುದರ ಬಗ್ಗೆ ಒಂದು ಖಚಿತವಾದ ಕಲ್ಪನೆಯಿತ್ತು. ತವರೂರಿನಲ್ಲಿ ಶ್ರಾವಣ ಬಂದರೆ ಶಾನುಭೋಗರು ತಮ್ಮ ಜಗಲಿಯಲ್ಲಿ ಪುರಾಣ ಓದುತ್ತಿದ್ದರು. ಎಲ್ಲಿಯೂ ತಡೆಯಿಲ್ಲ, ತೊದಲಿಲ್ಲ. ಚಿಕ್ಕ ಹುಡುಗಿ ಚಲುವಮ್ಮ ಅಂಗಳದಲ್ಲಿ ಕೂತು ಕೇಳಿಸಿಕೊಂಡದ್ದನ್ನು ಮದುವೆಯಾಗಿ ಹನ್ನೆರಡು ವರ್ಷವಾದರೂ ಮರೆತಿರಲಿಲ್ಲ. ಅವಳ ಕಿವಿ ಅಂಥದ್ದು. ಓದು ಬಲ್ಲವರು ನಿಲ್ಲುವುದಿಲ್ಲ, ನಿಂತವರಿಗೆ ಓದು ಬಂದಿಲ್ಲ ಎಂದು ಅವಳು ತಿಳಿದಿದ್ದಳು.

ಪಾಠ ನಡೆಯುತ್ತಿದ್ದುದು ಬೆಳಿಗ್ಗೆ, ಅವಳು ರಾಗಿ ಬೀಸುವಾಗ. ಬೀಸುವ ಕಲ್ಲಿನ ಆ ಬದಿ ಮುತ್ತಿ, ಈ ಬದಿ ಜಯಪ್ಪ. ಒಬ್ಬರಾದ ಮೇಲೊಬ್ಬರು ಬೇರೆ ಬೇರೆ ಹಾಳೆಯನ್ನು ಗಟ್ಟಿಯಾಗಿ ಓದಬೇಕು. ಕಲ್ಲು ತಿರುಗುತ್ತಲೇ ಇರುತ್ತಿತ್ತು, ದನಿಯೂ ಹಾಗೆಯೇ ಸಾಗಬೇಕು. ನಿಂತರೆ ಪಕ್ಕದಲ್ಲಿದ್ದ ಹುಣಸೆ ಕೋಲು ಕೈಗೆ ಬರುತ್ತಿತ್ತು. ನನ್ನ ಕೋಣೆ ಎರಡು ಮನೆ ಆಚೆ. ಮಾತು ಕೇಳಿಸುತ್ತಿರಲಿಲ್ಲ, ಏಟು ಕೇಳಿಸುತ್ತಿತ್ತು. ಅದು ಯಾವಾಗಲೂ ಮುತ್ತಿಗೇ ಬೀಳುತ್ತಿತ್ತು. ಜಯಪ್ಪನ ಓದನ್ನು ಮಾತ್ರ ಅವಳು ಬಟ್ಟೆ ಒಗೆಯಲು ಹೊಳೆಗೆ ಹೋದಾಗಲೆಲ್ಲ ನೆರೆಯವರಿಗೆ ಹೊಗಳುತ್ತಿದ್ದಳು.

ಒಂದೂವರೆ ವರ್ಷ ಹೀಗೆ ಹೋಯಿತು. ಹೆಡ್‌ಮಾಸ್ತರಿಗೆ ಬೇರೆ ಊರಿಗೆ ವರ್ಗವಾಗಿ, ಶಾಲೆ ನನ್ನ ಕೈಗೆ ಬಂತು. ಅಷ್ಟರಲ್ಲಿ ಚಲುವಮ್ಮನ ಮನೆಯಲ್ಲಿ ಇನ್ನೊಂದು ಕೂಸು ಹುಟ್ಟಿತ್ತು. ಅವಳು ಹೊಲಕ್ಕೆ ಹೋದರೆ ಕೂಸನ್ನು ನೋಡಿಕೊಳ್ಳಲು ಯಾರಾದರೊಬ್ಬರು ಮನೆಯಲ್ಲಿರಬೇಕು. ಒಬ್ಬರನ್ನು ಮಾತ್ರ ಶಾಲೆಗೆ ಕಳಿಸುವುದು, ಇನ್ನೊಬ್ಬರ ಓದು ಅಲ್ಲಿಗೆ ಮುಗಿಯಿತು ಎಂದು ಗಂಡ ಹೆಂಡತಿ ಒಪ್ಪಿದರು. ಯಾರನ್ನು ಎನ್ನುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಒಂದು ಸೋಮವಾರ ಕೂಸನ್ನು ಸೊಂಟಕ್ಕೆ ಹಾಕಿಕೊಂಡು, ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಂದಳು. “ಜಯಪ್ಪನ್ನ ನಾಕ್ನೇ ಕ್ಲಾಸಿಗೆ ಸೇರುಸ್ಕಳಿ ಮೇಷ್ಟ್ರೇ. ಬೇಕಾದ್ರೆ ಪರೀಕ್ಷೆ ಮಾಡಿ ನೋಡಿ,” ಎಂದಳು.

ನಾನು ನಾಲ್ಕನೇ ತರಗತಿಯ ಪುಸ್ತಕ ತೆರೆದುಕೊಟ್ಟೆ. ಜಯಪ್ಪ ಓದತೊಡಗಿದ. ಒಬ್ಬಳು ಅಜ್ಜಿ, ಅವಳಿಗೆ ಮೂರು ಮೇಕೆ, ಕಾಡಿನ ಅಂಚಿನಲ್ಲಿ ಗುಡಿಸಲು, ಅಲ್ಲಿಗೊಂದು ಚಿರತೆ ಬರುತ್ತದೆ. ದನಿ ಏರಬೇಕಾದಲ್ಲಿ ಏರಿತು, ಇಳಿಯಬೇಕಾದಲ್ಲಿ ಇಳಿಯಿತು. ಸರಿಯಾದ ಹೊತ್ತಿಗೆ ಹಾಳೆ ತಿರುಗಿಸಿದ. ಚಲುವಮ್ಮ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ನಾನು ಬಗ್ಗಿ ಪುಸ್ತಕ ನೋಡಿದೆ. ಅಲ್ಲಿದ್ದದ್ದು ಬಾವಿಯ ನೀರನ್ನು ಕಾಯಿಸಿ ಕುಡಿಯಬೇಕು ಎನ್ನುವ ಪಾಠ.

ಅದೇ ಪುಟವನ್ನು ಮುತ್ತಿಯ ಮುಂದಿಟ್ಟೆ.

“ಅವ್ಳದ್ದು ಬ್ಯಾಡಿ ಮೇಷ್ಟ್ರೇ, ತಡವರುಸ್ತಾಳೆ,” ಎಂದಳು ತಾಯಿ.

ಮುತ್ತಿ ಓದಿದಳು. ನಿಧಾನ. ‘ಸ್ವಚ್ಛ’ದ ಹತ್ತಿರ ನಿಂತಳು, ತುಟಿ ಅಲ್ಲಾಡಿಸಿದಳು, ಸರಿಯಾಗಿ ಹೇಳಿದಳು. ‘ದುರ್ಗಂಧ’ಕ್ಕೆ ಮತ್ತೆ ನಿಂತಳು, ಮತ್ತೆ ಸರಿಯಾಗಿ ಹೇಳಿದಳು. ಒಂದೂ ತಪ್ಪಿಲ್ಲ.

“ನೋಡುದ್ರಾ?” ಎಂದಳು ಚಲುವಮ್ಮ. “ಅಜ್ಜಿ ಕತೆ ಇರೋ ಕಡೆ ಇವ್ಳು ಬಾವಿ ಗೀವಿ ಅಂತಾಳೆ. ಇವ್ಳಿಗೆ ಓದೋಕೆ ಬರಾಕಿಲ್ಲ.”

ಪುಸ್ತಕದಲ್ಲಿರುವುದು ಬಾವಿಯ ಪಾಠವೇ, ಅಜ್ಜಿ ಜಯಪ್ಪನ ತಲೆಯಲ್ಲಿದ್ದಾಳೆ ಎಂದೆ. ಅವಳು ನಂಬಲಿಲ್ಲ. ನಂಬಲು ನಮ್ಮ ಶಾಲೆ ಅವಳಿಗೆ ಕಾರಣವನ್ನೂ ಕೊಟ್ಟಿರಲಿಲ್ಲ.

“ನಿಮ್ ಮಾತು ನಂಗೆ ಬ್ಯಾಡ. ಅದೇ ಹಾಳೆ ಇನ್ನೊಂದ್ಸಲ ಓದ್ಲಿ, ನಾನೇ ಕೇಳ್ತೀನಿ,” ಎಂದು ಕೂಸನ್ನು ನೆಲಕ್ಕೆ ಬಿಟ್ಟು ಚಕ್ಕಳಮಕ್ಕಳ ಹಾಕಿ ಕೂತಳು.

ಜಯಪ್ಪ ಮತ್ತೆ ಶುರು ಮಾಡಿದ. ಒಬ್ಬಳು ಅಜ್ಜಿ, ಅವಳಿಗೆ ಎರಡು ಮೇಕೆ...

“ಆಗ್ಲೆ ಮೂರು ಅಂದ್ಯಲ್ಲ ಮಗ?”

“ಒಂದ ಚಿರತೆ ತಿಂತಲ್ಲವ್ವ,” ಎಂದ.

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಮುತ್ತಿಯ ಕಡೆ ತಿರುಗಿ, “ನೀನೋದು,” ಎಂದಳು. ಮುತ್ತಿ ಓದಿದಳು. ಅವೇ ಮಾತು, ಅದೇ ಬಾವಿ, ಅದೇ ಎರಡು ಕಡೆ ನಿಲುಗಡೆ. ಚಲುವಮ್ಮ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ಆಮೇಲೆ ಕಣ್ಣು ತೆರೆದು ಮಗಳನ್ನು ಕೇಳಿದಳು:

“ಇವ್ನು ಕಟ್ಟಿ ಹೇಳ್ತಾವ್ನೆ ಅಂತ ನಿಂಗೆ ಗೊತ್ತಿತ್ತೇನೆ?”

“ಗೊತ್ತಿತ್ತು.”

“ಯಾಕೆ ಹೇಳ್ನಿಲ್ಲ?”

“ಹೇಳುದ್ರೆ ಅವ್ನಿಗೂ ಏಟು ಬೀಳ್ತಿತ್ತು,” ಎಂದಳು ಮುತ್ತಿ. ಆಮೇಲೆ, “ಕತೆ ಚೆನ್ನಾಗಿರ್ತಿತ್ತು ಕಣವ್ವ,” ಎಂದು ಸೇರಿಸಿದಳು.

ಜಯಪ್ಪ ಪುಸ್ತಕವನ್ನು ಮೆಲ್ಲಗೆ ನನ್ನ ಮೇಜಿನ ಮೇಲಿಟ್ಟು ಬಾಗಿಲಿನ ಹತ್ತಿರ ಹೋಗಿ ನಿಂತ. ಅವನಿಗೂ ಓದು ಬೇಕಿತ್ತು, ಆದರೆ ಒಂದೂವರೆ ವರ್ಷದಲ್ಲಿ ಮೊದಲು ಶಾಲೆಯಲ್ಲಿ ಕಲಿತದ್ದೂ ಮರೆತುಹೋಗಿತ್ತು. ಇಬ್ಬರನ್ನೂ ಕಳಿಸಿ ಎಂದು ನಾನು ಹೇಳಿ ನೋಡಿದೆ.

“ಕೂಸ ಯಾರು ನೋಡ್ತಾರೆ? ಇವ್ಳ ಹೆಸ್ರು ಬರ್ಕಳಿ. ಅವ್ನು ಕೂಸಿಗೆ ಕತೆ ಹೇಳ್ಕಂಡಿರ್ಲಿ,” ಎಂದಳು. ಸಿಟ್ಟಿನ ದನಿಯಲ್ಲ, ಸೋತ ದನಿ. ಮುತ್ತಿಯ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಂಡೆ. ಹುಡುಗಿ ಆಗಲೇ ಹೋಗಿ ಮುಂದಿನ ಸಾಲಿನಲ್ಲಿ ಕೂತಿದ್ದಳು.

ಚಲುವಮ್ಮ ಕೂಸನ್ನೆತ್ತಿಕೊಂಡು ಮೆಟ್ಟಿಲಿಳಿದವಳು ಮತ್ತೆ ಒಳಗೆ ಬಂದಳು. ಮಗಳಿಗೆ ಕೇಳದ ಹಾಗೆ ದನಿ ತಗ್ಗಿಸಿದಳು.

“ಮೇಷ್ಟ್ರೇ, ಓದ್ತಾ ಓದ್ತಾ ನಿಂತ್ಕಂತಾಳಲ್ಲ, ಆಗ ಇವ್ಳು ಏನು ಮಾಡ್ತಿರ್ತಾಳೆ?”

“ಯೋಚನೆ ಮಾಡ್ತಿರ್ತಾಳೆ ಕಣಮ್ಮ. ಈ ಅಕ್ಷರ ಯಾವುದು, ಇದನ್ನ ಹೇಗೆ ಹೇಳಬೇಕು ಅಂತ.”

“ನಾನು ಆಗ್ಲೇ ಹೊಡೀತಿದ್ದೆ,” ಎಂದಳು.