ಕೊನೆಯ ಗಾಡಿಯ ಲಿಂಡ್ಸಿ

ಲಿಂಡ್ಸಿ ವೋಗ್ಟ್‌ನ ಕೆಲಸವೇ ಎಲ್ಲರಿಗಿಂತ ಹಿಂದೆ ಇರುವುದು. ಚಳಿಗಾಲದಲ್ಲಿ ಸೈಕಲ್ ಸವಾರರ ಗುಂಪು ಮರೀ ಊರಿನಿಂದ ಹೊರಟು ಬರ್ಡ್ಸ್‌ವಿಲ್ ಟ್ರ್ಯಾಕ್ ಎಂಬ ಮರುಭೂಮಿಯ ಮಣ್ಣುದಾರಿ ಹಿಡಿದು ಉತ್ತರಕ್ಕೆ ಸಾಗುವಾಗ, ಅಡುಗೆ ಸಾಮಾನು, ನೀರಿನ ಟ್ಯಾಂಕು, ಎಲ್ಲರ ಡೇರೆ ಹಾಸಿಗೆ ಹೇರಿಕೊಂಡು ಅಡುಗೆಯವಳಾದ ನಾನು ಮುಂದಿನ ಲಾರಿಯಲ್ಲಿ ಹೋಗುತ್ತಿದ್ದೆ. ಕಟ್ಟಕಡೆಯ ಸವಾರನ ಹಿಂದೆ ಲಿಂಡ್ಸಿ ತನ್ನ ಬಿಳಿ ಜೀಪಿನಲ್ಲಿ ತೆವಳುತ್ತ ಬರುತ್ತಿದ್ದ. ಟೈರು ಹರಿದವರು, ಮಂಡಿ ಸೋತವರು, ಎದುರುಗಾಳಿಗೆ ತುಳಿದೂ ತುಳಿದೂ ಅಳು ಬಂದವರು ಅವನ ಪಾಲಿಗೆ. ಯಾರನ್ನೂ ಅವನು ‘ಬಾ, ಹತ್ತು’ ಎಂದವನಲ್ಲ. ಗಾಡಿ ನಿಲ್ಲಿಸಿ, ಆಚೆ ಬದಿಯ ಬಾಗಿಲು ತೆರೆದು, ಫ್ಲಾಸ್ಕಿನಿಂದ ಟೀ ಬಗ್ಗಿಸಿಟ್ಟು, ಬೇರೆ ಕಡೆ ನೋಡುತ್ತ ಕೂರುತ್ತಿದ್ದ. ಅವರಾಗಿಯೇ ಬಂದು ಹತ್ತುತ್ತಿದ್ದರು.

ಅವನು ಮೊದಲು ರೈಲ್ವೆಯವನು. ಮರೀಯ ಶೆಡ್ಡಿನಲ್ಲಿ ಡೀಸೆಲ್ ಇಂಜಿನ್ನುಗಳ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡೇ ಯೌವನ ಕಳೆದವನು. ಹಳೆಯ ರೈಲು ಮಾರ್ಗ ಮುಚ್ಚಿದಾಗ ಮುಕ್ಕಾಲು ಊರು ಗಂಟುಮೂಟೆ ಕಟ್ಟಿತು. ಇವನು ಮತ್ತು ಇವನ ಹೆಂಡತಿ ಥೆಲ್ಮಾ ಉಳಿದರು. ಸಿಕ್ಕ ಕೆಲಸ ಮಾಡಿದ, ಬೇಲಿ ಹಾಕಿದ, ಕೊಳವೆ ಬಾವಿ ರಿಪೇರಿ ಮಾಡಿದ. ಕೊನೆಗೆ ಈ ಸೈಕಲ್ ಪ್ರವಾಸದ ಕಂಪನಿ ಬಂದಾಗ ಅವನ ಮುಖಕ್ಕೆ ಮತ್ತೆ ಕಳೆ ಬಂತು ಎಂದು ಥೆಲ್ಮಾ ಹೇಳುತ್ತಿದ್ದಳು.

ಅವನು ಹೆಚ್ಚು ಮಾತಿನವನಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಸಂಜೆ ಬೆಂಕಿಯ ಸುತ್ತ ಕೂತಾಗ ಯಾರಾದರೂ ತಮಾಷೆ ಮಾಡಿದರೆ ಎಲ್ಲರೂ ನಕ್ಕ ಮೇಲೆ, ಒಂದು ಗಳಿಗೆ ಬಿಟ್ಟು ಅವನು ನಗುತ್ತಿದ್ದ. ಅದು ಅವನ ಗುಣ ಎಂದುಕೊಂಡಿದ್ದೆವು. ಕಿವಿ ಮಂದವಾಗಿದ್ದು ಥೆಲ್ಮಾಗೆ ಮಾತ್ರ ಗೊತ್ತಿತ್ತು.

ಆ ವರ್ಷದ ಗುಂಪಿನಲ್ಲಿ ಅಡೆಲ್ ಫರ್ನಿಸ್ ಎಂಬಾಕೆ ಇದ್ದಳು. ದೂರದ ಬಲ್ಲಾರಟ್‌ನ ಕಡೆಯವಳು, ನಿವೃತ್ತಳಾದ ಪೋಸ್ಟ್ ಹಂಚುವವಳು. ದಿನವೂ ಕೊನೆಯವಳು ಅವಳೇ. ಹೀಗಾಗಿ ದಿನವೂ ಲಿಂಡ್ಸಿಯ ಮುಂದೆ ಅವಳ ಬೆನ್ನು, ಅವಳ ಸೈಕಲ್ಲಿನ ಕಿತ್ತಳೆ ಬಾವುಟ.

“ಏನಜ್ಜಿ, ಇವತ್ತೂ ನಾನೇ ನಿನ್ನ ಮೆರವಣಿಗೇನಾ?” ಎಂದು ಅವನು ಕಿಟಕಿಯಿಂದ ಕೂಗುವನು.

“ಅಜ್ಜಿಯಂತೆ! ನಿನಗಿಂತ ಚಿಕ್ಕೋಳು ಕಣೋ ನಾನು. ಸುಮ್ನೆ ನನ್ನ ಧೂಳು ಕುಡೀತಾ ಬಾ.”

“ಧೂಳೇಳೋ ಅಷ್ಟು ಜೋರಾಗಿ ಯಾವತ್ತು ತುಳಿದಿದ್ದೀಯ ನೀನು?”

“ನಾಯಿ ಅಟ್ಟಿಸ್ಕೊಂಡು ಬಂದಾಗ. ಮೂವತ್ತು ವರ್ಷ ಕಾಗದ ಹಂಚಿದೀನಿ, ಜೋರಾಗಿ ತುಳಿಸಿದ್ದು ನಾಯಿಗಳು ಮಾತ್ರ. ನೀನೊಂದು ನಾಯಿ ಸಾಕು, ನೋಡು ಆಮೇಲೆ!”

ಅವಳ ದನಿ ದೊಡ್ಡದು, ಓಣಿಯ ಆ ತುದಿಗೆ ಕೂಗಿ ಅಭ್ಯಾಸವಾದ ದನಿ. ಲಿಂಡ್ಸಿ ಅವಳ ಮಾತಿಗೆ ಎಲ್ಲರ ಜೊತೆಗೇ ನಗುತ್ತಿದ್ದ.

ಆ ದಾರಿಯಲ್ಲಿ ಬಿಸಿಲಿಗಿಂತ ದೊಡ್ಡ ಭಯ ದನ ಸಾಗಿಸುವ ಲಾರಿಗಳದು. ಒಂದರ ಹಿಂದೆ ಒಂದು ಮೂರು ಟ್ರೇಲರ್ ಕಟ್ಟಿಕೊಂಡು ಬರುವ ಅವು ಬ್ರೇಕ್ ಒತ್ತಿದರೆ ಎಲ್ಲೋ ಹೋಗಿ ನಿಲ್ಲುತ್ತವೆ. ಹಾದುಹೋದ ಮೇಲೆ ಕೆಂಪು ಧೂಳು ಗೋಡೆಯಂತೆ ಎದ್ದು ನಿಲ್ಲುತ್ತದೆ. ಲಾರಿ ಚಾಲಕರು ದೂರದಿಂದಲೇ ರೇಡಿಯೋದಲ್ಲಿ ತಿಳಿಸುವರು. ಅದನ್ನು ಕೇಳಿ ಸವಾರರನ್ನು ರಸ್ತೆಯಿಂದ ಇಳಿಸುವುದು, ಆಮೇಲೆ ಒಂದು ಸಲ ಹಾರ್ನ್ ಹೊಡೆದು ಹೋಗಬಹುದು ಎಂದು ತಿಳಿಸುವುದು ಕೊನೆಯ ಗಾಡಿಯ ಹೊಣೆ.

ಮಂಗರಾನಿ ದಾಟಿದ ಮರುದಿನ ಬೆಳಿಗ್ಗೆ ಒಂದೆಳೆ ಗಾಳಿ ಇರಲಿಲ್ಲ. ಸವಾರರಿಗೆ ಖುಷಿ; ಆದರೆ ಗಾಳಿಯಿಲ್ಲದ ದಿನ ಎದ್ದ ಧೂಳು ಇಳಿಯುವುದಿಲ್ಲ. ನಾನು ಮುಂದೆ ಹೋಗಿ ಕಲ್ಲು ದಿಣ್ಣೆಯ ಮೇಲೆ ಮಧ್ಯಾಹ್ನದ ಊಟಕ್ಕೆ ಮೇಜು ಹಾಕುತ್ತಿದ್ದೆ. ಲಾರಿಯೊಳಗಿನ ರೇಡಿಯೋದಲ್ಲಿ ಒಂದು ದನಿ ಬಂತು.

“ಸೈಕಲ್‌ನೋರೇ, ಕೇಳಿಸ್ತಿದ್ಯಾ? ದನದ ಲಾರಿ, ಉತ್ತರದಿಂದ ಬರ್ತಿದೀವಿ. ಇಬ್ರು ಇದೀವಿ. ನನ್ನ ಹಿಂದೆ ಇನ್ನೊಬ್ಬ ಸ್ವಲ್ಪ ದೂರ ಬಿಟ್ಕೊಂಡು ಬರ್ತಿದಾನೆ.”

“ಕೇಳಿಸ್ತು. ಥ್ಯಾಂಕ್ಸ್, ಮೇಟ್,” ಎಂದಿತು ಲಿಂಡ್ಸಿಯ ದನಿ.

ಚಾಲಕ ಇನ್ನೊಮ್ಮೆ, “ಇಬ್ರು,” ಎಂದ.

“ಸರಿ ಸರಿ,” ಎಂದ ಲಿಂಡ್ಸಿ.

ಮೊದಲ ಲಾರಿ ನನ್ನನ್ನು ದಾಟಿ ಹೋಯಿತು. ಸ್ವಲ್ಪ ಹೊತ್ತಿಗೆ ಎರಡನೆಯದು. ಇಬ್ಬರಿಗೂ ಕೈ ಬೀಸಿದೆ.

ಮುಂದಿದ್ದ ಸವಾರರೆಲ್ಲ ಆಗಲೇ ನನ್ನ ಬಳಿ ಬಂದು ಟೀ ಕುಡಿಯುತ್ತಿದ್ದರು. ದಾರಿಯಲ್ಲಿ ಉಳಿದಿದ್ದವಳು ಅಡೆಲ್ ಒಬ್ಬಳೇ. ಲಿಂಡ್ಸಿ ಅವಳನ್ನು ಪಕ್ಕಕ್ಕೆ ಇಳಿಸಿ ತಾನೂ ನಿಂತಿದ್ದ. ಮೊದಲ ಲಾರಿ ಗುಡುಗುತ್ತ ಹೋಯಿತು. ಧೂಳು ಕೊಂಚ ತೆಳುವಾದ ಮೇಲೆ ಅವನು ಹಾರ್ನ್ ಹೊಡೆದ. ಅವಳು ಹಿಂದೆ ತಿರುಗಿ ಕೈ ಎತ್ತಿ ತೋರಿಸಿ, ಸೈಕಲ್ಲನ್ನು ರಸ್ತೆಗೆ ಹತ್ತಿಸಿ ಆ ಧೂಳಿನೊಳಕ್ಕೆ ತುಳಿದಳು. ಎರಡನೆಯ ಲಾರಿ ಏರು ಹತ್ತಿ ಇಳಿದಾಗ ಅದರ ದೀಪ ಮೊದಲು ಕಂಡಿದ್ದು ಲಿಂಡ್ಸಿಗೆ. ಜೀಪಿನಿಂದ ಹಾರಿ ಕೂಗುತ್ತ ಓಡಿದನಂತೆ.

ಎರಡನೆಯ ಲಾರಿಯವನೇ ರೇಡಿಯೋದಲ್ಲಿ ಅಳುತ್ತ ಕರೆದ. ನಾನು ಹೋದಾಗ ಲಾರಿ ಅಡ್ಡಡ್ಡ ನಿಂತಿತ್ತು, ಟ್ರೇಲರುಗಳಲ್ಲಿ ದನ ಒರಲುತ್ತಿದ್ದವು, ಚಾಲಕ ಚಕ್ರಕ್ಕೆ ಒರಗಿ ವಾಂತಿ ಮಾಡುತ್ತಿದ್ದ. ಲಿಂಡ್ಸಿ ತನ್ನ ಕೋಟು ಬಿಚ್ಚಿ ಅಡೆಲ್‌ಳಿಗೆ ಹೊದಿಸಿ ಪಕ್ಕದಲ್ಲೇ ಕೂತಿದ್ದ. ಕೋಟು ಸಾಲುತ್ತಿರಲಿಲ್ಲ. ನನ್ನನ್ನು ಕಂಡು ಎದ್ದುನಿಂತ. ನನ್ನ ಕಣ್ಣನ್ನಲ್ಲ, ಬಾಯಿಯನ್ನು ನೋಡುತ್ತಿದ್ದ.

“ಒಂದೇ ಅಂದಿದ್ದಲ್ವಾ, ಕೋರಲ್? ಒಂದೇ ಲಾರಿ ಅಲ್ವಾ?”

“ಇಬ್ರು ಅಂದ, ಲಿಂಡ್ಸಿ.”

“ಇನ್ನೊಂದ್ಸಲ ಹೇಳು.”

“ಇಬ್ರು ಅಂದ. ಎರಡು ಸಲ ಅಂದ.”

ತಲೆಯಾಡಿಸಿದ. ಹೋಗಿ ಮತ್ತೆ ಅವಳ ಪಕ್ಕ ಕೂತ. ಪೊಲೀಸರು ಬರುವವರೆಗೂ ನೊಣ ಅಟ್ಟುತ್ತ ಕೂತೇ ಇದ್ದ. ಯಾರು ಕರೆದರೂ ಏಳಲಿಲ್ಲ.

ಅಡೆಲ್‌ಳ ಸಾವಿನ ವಿಚಾರಣೆ ಪೋರ್ಟ್ ಆಗಸ್ಟಾದಲ್ಲಿ ನಡೆಯಿತು. ಏರಿನ ಕೆಳಗಿನ ಆ ತಗ್ಗಿನಲ್ಲಿ ರೇಡಿಯೋ ಕರಕರ ಎನ್ನುತ್ತಿತ್ತು ಎಂದುಬಿಡು ಎಂದು ಕಂಪನಿಯ ಒಡೆಯ ಅವನಿಗೆ ಮೊದಲೇ ಹೇಳಿದ್ದ. ಅಲ್ಲವೆನ್ನಲು ಯಾರಿಂದಲೂ ಆಗುತ್ತಿರಲಿಲ್ಲ. ಲಿಂಡ್ಸಿ ಎದ್ದುನಿಂತು, “ರೇಡಿಯೋ ಚೆನ್ನಾಗೇ ಇತ್ತು, ಸಾರ್. ಕೆಟ್ಟಿರೋದು ನನ್ನ ಕಿವಿ. ಸುಮಾರು ವರ್ಷಗಳಿಂದ,” ಎಂದ.

“ಮತ್ತೆ ಕೇಳಿಸ್ತು ಅಂತ ಉತ್ತರ ಕೊಟ್ಟಿದ್ದೀರಲ್ಲ?” ಎಂದು ಅಧಿಕಾರಿ ಗಟ್ಟಿಯಾಗಿ ಕೇಳಿದರು.

“ಅರ್ಧ ಕೇಳಿಸಿತ್ತು. ಮಿಕ್ಕಿದ್ದನ್ನ ಯಾವಾಗ್ಲೂ ನಾನೇ ಊಹಿಸ್ಕೊಳ್ತಿದ್ದೆ. ಬಹಳ ಸಲ ಸರಿಯಾಗೇ ಇರ್ತಿತ್ತು.”

ಒಡೆಯ ಮುಖ ಮುಚ್ಚಿಕೊಂಡ. ಅಧಿಕಾರಿ ಅದನ್ನು ಬರೆದುಕೊಂಡರು. ತಿಂಗಳುಗಳ ಮೇಲೆ ಬಂದ ತೀರ್ಪಿನಲ್ಲಿ ಶಿಕ್ಷೆಯ ಮಾತಿರಲಿಲ್ಲ. ಇಂಥ ಕೆಲಸದವರ ಕಿವಿ ಕಣ್ಣು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು ಎಂಬ ಸಲಹೆಯಿತ್ತು. ಓದಿ ಹೇಳಿದಾಗ ಲಿಂಡ್ಸಿ, “ಅಷ್ಟೇನಾ?” ಎಂದ. ಇನ್ನೇನೋ ಉಳಿದಿದೆ ಎನ್ನುವಂತೆ ಕಾದು ನಿಂತಿದ್ದ.

ಕಂಪನಿ ಮುಚ್ಚಿತು. ನಾನು ಹೆದ್ದಾರಿಯ ಹೋಟೆಲೊಂದರಲ್ಲಿ ಅಡುಗೆಗೆ ಸೇರಿದೆ. ಬಿಡುವಿದ್ದಾಗ ಮರೀಗೆ, ಲಿಂಡ್ಸಿಯ ಮನೆಗೆ ಹೋಗಿ ಬರುತ್ತಿದ್ದೆ. ಅಂಥ ಒಂದು ದಿನ ಅಡೆಲ್‌ಳ ತಂಗಿ ಬಂದಳು. ಅಷ್ಟು ದೂರದಿಂದ ಒಬ್ಬಳೇ ಕಾರು ಓಡಿಸಿಕೊಂಡು ಬಂದಿದ್ದಳು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಅಂಗಳದಲ್ಲಿ ನಿಂತು ಲಿಂಡ್ಸಿಯನ್ನು ನೋಡಿದಳು. ಅಕ್ಕನ ದನಿ ಅವಳಿಗಿರಲಿಲ್ಲ, ಮೆಲುದನಿ.

“ನಿಮ್ಮ ಬಗ್ಗೆ ಅವಳು ದಿನಾ ಫೋನಲ್ಲಿ ಹೇಳ್ತಿದ್ಲು. ನೀವು ಹಿಂದೆ ಇರೋವಾಗ ಭಯ ಇಲ್ಲ ಅಂತಿದ್ಲು. ಅದನ್ನ ಹೇಳಿಹೋಗಕ್ಕೆ ಬಂದೆ.”

ಲಿಂಡ್ಸಿ ಮುಂದೆ ಬಾಗಿದ. “ಏನಂದ್ರಿ?”

ಅವಳು ತುಟಿ ಕಚ್ಚಿಕೊಂಡು ತಿರುಗಿ ಕಾರು ಹತ್ತಿದಳು. ಅವನು ನನ್ನ ಕಡೆ ನೋಡಿದ. ನಾನು ಗಟ್ಟಿಯಾಗಿ, ಒಂದೊಂದೇ ಮಾತಾಗಿ ಹೇಳಬೇಕಾಯಿತು. ಕೇಳಿ, ಒಳಗೆ ಹೋಗಿಬಿಟ್ಟ.

ಆಮೇಲೆ ಥೆಲ್ಮಾ ಹಟ ಹಿಡಿದು ಅವನನ್ನು ಪಟ್ಟಣಕ್ಕೆ ಕರೆದೊಯ್ದು ಕಿವಿಗೆ ಯಂತ್ರ ಹಾಕಿಸಿದಳು. ಅವಳು ನನಗೆ ಹೇಳಿದ್ದು ಇದು: “ಹಾಕ್ಕೊಂಡ ತಕ್ಷಣ ಯಂತ್ರ ಕೊಟ್ಟ ಹುಡುಗಿ ಪಕ್ಕದ ರೂಮಲ್ಲಿ ಪಿಸುಗುಟ್ಟಿದ್ದೂ ಕೇಳಿಸ್ತು ಅವನಿಗೆ. ನನ್ನ ಮುಖ ನೋಡಿ, ‘ಇಷ್ಟು ಸುಲಭಾನಾ, ಥೆಲ್?’ ಅಂದ. ಕಾರಲ್ಲೇ ತೆಗೆದು ಜೇಬಿಗೆ ಹಾಕ್ಕೊಂಡ. ಮತ್ತೆ ಹಾಕ್ಕೊಂಡಿಲ್ಲ. ನಾನು ಪ್ರತಿ ಚಳಿಗಾಲ ಹೇಳ್ತಿದ್ದೆ ಕೋರಲ್, ತೋರಿಸ್ಕೋ ತೋರಿಸ್ಕೋ ಅಂತ. ತೋರಿಸ್ಕೊಂಡ್ರೆ ಗಾಡಿ ಕಿತ್ಕೋತಾರೆ, ಮನೇಲಿ ಕೂತು ಏನು ನೋಡ್ಲಿ ಅಂತಿದ್ದ.”

ಹೋದ ವಾರ ಹೋಗಿದ್ದೆ. ಕುರಿಮಾಂಸದ ಸಾರು ಒಯ್ದಿದ್ದೆ. ಅವನು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ, ಬಹಳ ತೆಳ್ಳಗಾಗಿದ್ದಾನೆ. ನಾನು ಬಂದಿದ್ದು ನೆಲ ಅದುರಿ ತಿಳಿದಿರಬೇಕು, ತಲೆಯೆತ್ತಿದ. ನಕ್ಕೆ. ಅವನು ನಗಲಿಲ್ಲ. ಥೆಲ್ಮಾ ಬಟ್ಟಲಿಗೆ ಸಾರು ಬಡಿಸಿ ಚಮಚವನ್ನು ಅವನ ಬೆರಳುಗಳ ನಡುವೆ ಇಟ್ಟಳು. ಒಂದೆರಡು ತುತ್ತು ತಿಂದು ಚಮಚ ಕೆಳಗಿಟ್ಟ. ನಾವಿಬ್ಬರೂ ಅವನ ಎದುರಿಗೇ ಅವನ ವಿಷಯ ಮಾತಾಡಿಕೊಂಡೆವು. ಅವನು ನಮ್ಮ ಬಾಯಿಗಳ ಕಡೆ ನೋಡುವುದನ್ನೂ ಬಿಟ್ಟಿದ್ದಾನೆ.